417 ರೂಪಾಯಿ ಜಗಳ

ಕನಿಷ್ಠ ಕೂಲಿ ಏರಿಸಿದ್ರೆ ಕೆಲ್ಸನೇ ಹೋಗುತ್ತೆ ಅಂತ ಅಣ್ಣ ಮೊನ್ನೆ ಜೋರು ವಾದಕ್ಕಿಳಿದ. ನಂಗೆ ನೆನಪಾಗಿದ್ದು ನಮ್ ಗಾರ್ಮೆಂಟ್ಸ್ ಕತೆ, 2020ರ ಏಪ್ರಿಲ್‌ನಿಂದ ಸೇರಬೇಕಿದ್ದ ತುಟ್ಟಿಭತ್ಯೆ ತಿಂಗ್ಳಿಗೆ ಬರೀ 417 ರೂಪಾಯಿ ಚಿಲ್ರೆ, ಕೋವಿಡ್ ಅಂತ ಸರ್ಕಾರ ಮುಂದಕ್ಕೆ ಹಾಕ್ತು, ಹೈಕೋರ್ಟ್ ಕೊಡಿ ಅಂದ್ಮೇಲೂ ಎಷ್ಟೋ ಫ್ಯಾಕ್ಟರಿಗಳು ಬಾಕಿ ಕೊಟ್ಟಿದ್ದು 2022ಕ್ಕೆ! ಅಣ್ಣನ ಮಾತಲ್ಲೂ ಹುರುಳಿದೆ ಬಿಡಿ, ಬಟ್ಟೆ ಕೊಳ್ಳೋ ಬ್ರ್ಯಾಂಡ್‌ನೋರು ರೇಟ್ ಏರಿಸಲ್ಲ, ಬೆಂಗಳೂರಲ್ಲಿ ಕೂಲಿ ಜಾಸ್ತಿ ಅಂದ್ರೆ ಯೂನಿಟ್ಟೇ ಬೇರೆ ಜಿಲ್ಲೆಗೆ ಹೋಗ್ಬೋದು. ಆದ್ರೆ 1992ರಲ್ಲಿ ಅಮೆರಿಕದ ನ್ಯೂಜೆರ್ಸಿಲಿ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರ್ ಇದ್ದಿದ್ದು 5.05 ಆದಾಗ ಕಾರ್ಡ್, ಕ್ರೂಗರ್ ಅನ್ನೋ ಇಬ್ರು ಅರ್ಥಶಾಸ್ತ್ರಜ್ಞರು ಸರ್ವೆ ಮಾಡಿದ್ರಲ್ಲ, ಬರ್ಗರ್ ಅಂಗಡಿಗಳಲ್ಲಿ ಕೆಲ್ಸ ಕಮ್ಮಿ ಆಗಿದ್ದೇ ಕಾಣ್ಲಿಲ್ಲ (ಅದ್ರ ಮೇಲೂ ಆಮೇಲೆ ಜಗಳ ಆಯ್ತು). ಊರಿಗೆ ಒಂದೇ ಫ್ಯಾಕ್ಟರಿ ಇದ್ರೆ ಅವ್ರು ಹೇಳಿದ್ದೇ ಕೂಲಿ ತಾನೇ, ಅಂಥ ಕಡೆ ಕೂಲಿ ಏರಿಸಿದ್ರೂ ಕೆಲ್ಸ ಹೋಗ್ಲೇಬೇಕು ಅಂತಿಲ್ಲ, ಅಂದೆ. ಅಣ್ಣ ಇನ್ನೂ ಒಪ್ಪಿಲ್ಲ.