ಬೆಳ್ಳಿ ನಾಣ್ಯದ ಮೇಲಿನ ಹದ್ದು ಮತ್ತು ಬಾಗಿದ ಕತ್ತಿ

ಈ ವರ್ಷ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಕೋವಿ, ಬಾಗಿದ ಅಲಗಿನ ಒಡಿಕತ್ತಿ, ಸೊಂಟದ ಪೀಚೆಕತ್ತಿಗಳನ್ನು ಸಾಲಾಗಿ ಇಟ್ಟು ತೋಕ್ ಪೂವಿನಿಂದ ಸಿಂಗರಿಸಿ ಪೂಜೆ ಮುಗಿಸಿದ ಮೇಲೆ, ನಾನು ಕೆಲವು ರೋಮನ್ ಬೆಳ್ಳಿ ನಾಣ್ಯಗಳ ದೊಡ್ಡದಾಗಿ ಮುದ್ರಿಸಿದ ಚಿತ್ರಗಳನ್ನು ಜಗುಲಿಯ ಐಮರದ ಮೇಲೆ ಹರಡಿ ದೊಡ್ಡಪ್ಪನಿಗೆ ತೋರಿಸಿದೆ. ಸುಬೇದಾರರಾಗಿ ನಿವೃತ್ತರಾದ ಅವರು ಕನ್ನಡಕ ಏರಿಸಿ ಮೊದಲ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದು ಯಾವ ರೆಜಿಮೆಂಟಿನದ್ದು ಮಗಾ?" ಎಂದು ಕೇಳಿದರು. ಇಷ್ಟು ವರ್ಷಗಳಿಂದ ಯಾವುದೇ ನಾಣ್ಯವನ್ನು ಕಂಡೊಡನೆ ಇದು ಯಾವ ಚಕ್ರವರ್ತಿಯದು ಎಂದಷ್ಟೇ ಕೇಳಿಕೊಳ್ಳುತ್ತಿದ್ದ ನನಗೆ ಆ ಪ್ರಶ್ನೆಯೇ ಒಂದು ಪಾಠವಾಯಿತು, ಏಕೆಂದರೆ ಆ ನಾಣ್ಯದ ಮೇಲೆ ಅದಕ್ಕೆ ಉತ್ತರ ಸ್ಪಷ್ಟವಾಗಿ ಬರೆದಿತ್ತು: ಆರನೆಯ ಲೀಜನ್, ಅಂದರೆ ರೋಮನ್ ಸೈನ್ಯದ ಆರನೆಯ ದೊಡ್ಡ ಪಡೆ.

ಅದು ರೋಮಿನ ಸೇನಾನಿ ಮಾರ್ಕ್ ಆಂಟನಿ ಕ್ರಿ.ಪೂ. 32–31ರಲ್ಲಿ, ಮುಂದೆ ಅಗಸ್ಟಸ್ ಎಂಬ ಹೆಸರಿನಿಂದ ಮೊದಲ ಚಕ್ರವರ್ತಿಯಾದವನ ವಿರುದ್ಧ ಆಕ್ಟಿಯಂ ಕದನಕ್ಕೆ ಸಿದ್ಧತೆ ನಡೆಸುತ್ತಿದ್ದಾಗ, ತನ್ನ ಸೈನ್ಯಕ್ಕೆ ಸಂಬಳ ಕೊಡಲು ಮುದ್ರಿಸಿದ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ. ಮುಂಬದಿಯಲ್ಲಿ ಹುಟ್ಟುಗಳ ಸಾಲುಳ್ಳ ಯುದ್ಧನೌಕೆ. ಹಿಂಬದಿಯಲ್ಲಿ ಎರಡು ಧ್ವಜಗಂಬಗಳ ನಡುವೆ ಕೋಲಿನ ತುದಿಯಲ್ಲಿ ಕುಳಿತ ಹದ್ದು, ಕೆಳಗೆ ಲೀಜನ್‌ನ ಸಂಖ್ಯೆ. ಆಂಟನಿಯ ಮುಖ ಈ ನಾಣ್ಯದ ಯಾವ ಬದಿಯಲ್ಲೂ ಇಲ್ಲ. ಚಿತ್ರ ಎಲ್ಲ ಪಡೆಗಳಿಗೂ ಬಹುಮಟ್ಟಿಗೆ ಒಂದೇ, ಬದಲಾಗುವುದು ಸಂಖ್ಯೆ ಮಾತ್ರ. ಕೆಲವು ಪಡೆಗಳಿಗೆ ಸಂಖ್ಯೆಯ ಜೊತೆ ಅವುಗಳ ಬಿರುದನ್ನೂ ಬರೆಯಲಾಗಿದೆ. ಹದ್ದು ಇಲ್ಲಿ ಬರಿಯ ಅಲಂಕಾರವಲ್ಲ. ಮೊದಲು ತೋಳ, ಕುದುರೆ, ಹಂದಿ ಮುಂತಾದ ಪ್ರಾಣಿಗಳ ಲಾಂಛನಗಳೂ ಇದ್ದವೆಂದೂ, ಕ್ರಿ.ಪೂ. 104ರಲ್ಲಿ ಸೇನಾನಿ ಮಾರಿಯಸ್ ಹದ್ದೊಂದನ್ನೇ ಲೀಜನ್‌ನ ಗುರುತಾಗಿ ಉಳಿಸಿದನೆಂದೂ ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಲೀಜನ್ನಿಗೆ ಒಂದೇ ಹದ್ದು, ಅದನ್ನು ಹೊರಲು ನೇಮಕಗೊಂಡ ಒಬ್ಬನೇ ಯೋಧ. ಅದು ಶತ್ರುವಿನ ಕೈಗೆ ಸಿಕ್ಕಿದರೆ ಇಡೀ ಪಡೆಗೆ ಕಳಂಕ. ಆದ್ದರಿಂದ ಈ ನಾಣ್ಯವನ್ನು ಅಂಗೈಯಲ್ಲಿ ಹಿಡಿದ ಸಿಪಾಯಿ ತನ್ನ ಮಾನದ ಗುರುತನ್ನು, ತನ್ನ ಪಡೆಯ ಸಂಖ್ಯೆಯೊಡನೆ, ಸಂಬಳವಾಗಿ ಪಡೆಯುತ್ತಿದ್ದ ಎನ್ನಬೇಕು.

ಆಂಟನಿ ಸೋತ. ಅವನ ಬೆಳ್ಳಿಯಲ್ಲಿ ಬೆರಕೆ ಹೆಚ್ಚಿತ್ತಾದ್ದರಿಂದ ಜನ ಒಳ್ಳೆಯ ನಾಣ್ಯಗಳನ್ನು ಕೂಡಿಟ್ಟುಕೊಂಡು ಇವನ್ನೇ ಖರ್ಚು ಮಾಡಿದರು, ಹೀಗಾಗಿ ಇವು ಇನ್ನೂರು ವರ್ಷ ಕಳೆದರೂ ಸವೆಯುತ್ತ ಚಲಾವಣೆಯಲ್ಲಿದ್ದವು. ಮಾರ್ಕಸ್ ಔರೇಲಿಯಸ್ ಮತ್ತು ಲೂಸಿಯಸ್ ವೇರಸ್ ಒಟ್ಟಿಗೆ ಆಳುತ್ತಿದ್ದ ಕಾಲದಲ್ಲಿ, ಅಂದರೆ ಕ್ರಿ.ಶ. 161 ಮತ್ತು 169ರ ನಡುವೆ, ಇದೇ ಆರನೆಯ ಲೀಜನ್‌ನ ನಾಣ್ಯವನ್ನು ಆಂಟನಿಯ ಹೆಸರನ್ನೂ ಸೇರಿಸಿ ಮತ್ತೆ ಅಚ್ಚು ಹಾಕಿಸಿದರು. ಸೋತವನ ಮುದ್ರೆಯನ್ನು ಗೆದ್ದ ಪರಂಪರೆಯ ಚಕ್ರವರ್ತಿಗಳು ಗೌರವದಿಂದ ಪುನಃ ಹೊರಡಿಸಿದ್ದು ಆಂಟನಿಯ ಮೇಲಿನ ಪ್ರೀತಿಯಿಂದಲ್ಲ, ಲೀಜನ್‌ನ ಮೇಲಿನ ಗೌರವದಿಂದ ಎಂಬುದು ನನ್ನ ನಂಬಿಕೆ.

ಆ ದಿನ ಮಳೆ ಬಿಡದೆ ಸುರಿಯುತ್ತಿದ್ದುದರಿಂದ ನಮಗೆ ಸಮಯ ಧಾರಾಳವಾಗಿತ್ತು. ಒಂದೊಂದೇ ಚಿತ್ರ ನೋಡುತ್ತ ಹೋದಂತೆ, ಆಯುಧ ಯಾವುದು ಎನ್ನುವುದಕ್ಕಿಂತ ಅದು ಎಲ್ಲಿದೆ ಎನ್ನುವುದನ್ನು ಮೊದಲು ಗಮನಿಸಬೇಕು ಎಂಬುದು ನನಗೆ ಖಚಿತವಾಯಿತು. ಕೈಯಲ್ಲಿದೆಯೋ, ನೆಲದ ಮೇಲೆ ಬಿದ್ದಿದೆಯೋ, ಮರದ ಬೊಡ್ಡೆಗೆ ತೊಡಿಸಿದ ಶಿರಸ್ತ್ರಾಣ ಮತ್ತು ಕವಚಗಳ ಜೊತೆ ವಿಜಯಸ್ತಂಭವಾಗಿ ನಿಂತಿದೆಯೋ, ಅಥವಾ ಯಾರಾದರೂ ಅದನ್ನು ಇನ್ನೊಬ್ಬರ ಕಡೆಗೆ ಚಾಚುತ್ತಿದ್ದಾರೆಯೋ?

ಚಾಚುವುದಕ್ಕೆ ಅಗಸ್ಟಸ್‌ನ ಕಾಲದ ಒಂದು ಡಿನೇರಿಯಸ್ ಒಳ್ಳೆಯ ಉದಾಹರಣೆ. ಕ್ರಿ.ಪೂ. 53ರಲ್ಲಿ ಕಾರ್ಹೇ ಎಂಬಲ್ಲಿ ರೋಮಿನ ಪೂರ್ವದ ಶತ್ರುಗಳಾದ ಪಾರ್ಥಿಯನ್ನರು ರೋಮನ್ ಸೇನಾನಿ ಕ್ರಾಸಸ್‌ನ ಸೈನ್ಯವನ್ನು ಧೂಳೀಪಟ ಮಾಡಿ ಅದರ ಧ್ವಜಗಳನ್ನು ಕೊಂಡೊಯ್ದಿದ್ದರು, ಕ್ರಿ.ಪೂ. 20ರಲ್ಲಿ ಅಗಸ್ಟಸ್ ಅವನ್ನು ಯುದ್ಧವಿಲ್ಲದೆ, ಮಾತುಕತೆಯಿಂದ ಮರಳಿ ಪಡೆದ. ಆದರೆ ನಾಣ್ಯದ ಮೇಲೆ ಪಾರ್ಥಿಯನ್ ಒಬ್ಬ ಮೊಣಕಾಲೂರಿ ಧ್ವಜವನ್ನು ಒಪ್ಪಿಸುತ್ತಿದ್ದಾನೆ. ರಾಯಭಾರಿಗಳ ಸಂಧಾನ ಅಲ್ಲಿ ಶರಣಾಗತಿಯ ಭಂಗಿಯಾಗಿದೆ. ಸೈನಿಕ ಲಾಂಛನಗಳನ್ನು ನಡೆದ ಘಟನೆಯ ಛಾಯಾಚಿತ್ರವೆಂದು ಓದುವವರು ಎಡವುವುದು ಇಂತಹ ಕಡೆಯಲ್ಲೇ.

ಚಕ್ರವರ್ತಿ ನರ್ವನ ನಾಣ್ಯವನ್ನೂ ಇದೇ ಎಚ್ಚರದಿಂದ ಓದಬೇಕು. ಎರಡು ಕೈಗಳು ಒಂದನ್ನೊಂದು ಹಿಡಿದಿವೆ, ಕೆಲವು ಅಚ್ಚುಗಳಲ್ಲಿ ಆ ಕೈಗಳ ನಡುವೆ ಲೀಜನ್‌ನ ಹದ್ದೂ ಇದೆ, ಸುತ್ತ 'ಸೈನ್ಯಗಳ ಒಮ್ಮತ' ಎಂಬ ಅರ್ಥದ ಬರಹವಿದೆ. 96ರಲ್ಲಿ ಪಟ್ಟಕ್ಕೆ ಬಂದ ಈ ವೃದ್ಧ ಚಕ್ರವರ್ತಿಯನ್ನು ಮರುವರ್ಷವೇ ಅವನ ಅಂಗರಕ್ಷಕ ಪಡೆಯವರು ಅರಮನೆಯಲ್ಲಿ ಮುತ್ತಿ ತಮ್ಮ ಇಷ್ಟಕ್ಕೆ ಮಣಿಸಿದರು. ಒಮ್ಮತವಿದ್ದಿದ್ದರೆ ಅದನ್ನು ಬೆಳ್ಳಿಯ ಮೇಲೆ ಸಾರುವ ಅಗತ್ಯ ಅಷ್ಟಾಗಿ ಬರುತ್ತಿರಲಿಲ್ಲ. ಅದು ಸೈನಿಕರ ಮುಂದಿಟ್ಟ ಬೇಡಿಕೆ ಎಂದೇ ನಾನು ಓದುತ್ತೇನೆ.

ದಕ್ಷಿಣ ಭಾರತದ ನಿಧಿಗಳಲ್ಲಿ ಹೇರಳವಾಗಿ ಸಿಗುವ ಡಿನೇರಿಯಸ್ ಕೂಡ ಆಯುಧಗಳದ್ದೇ. ಅಗಸ್ಟಸ್ ದತ್ತು ತೆಗೆದುಕೊಂಡ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್, ಗುರಾಣಿಗಳ ಮೇಲೆ ಕೈಯಿಟ್ಟು ನಿಂತಿದ್ದಾರೆ, ಹಿಂದೆ ಈಟಿಗಳಿವೆ. ಆ ಗುರಾಣಿಗಳು ಯಾವ ಯುದ್ಧವನ್ನೂ ಕಂಡವಲ್ಲ. ರೋಮಿನ ಅಶ್ವಾರೋಹಿ ವರ್ಗದವರು ಈ ಹುಡುಗರನ್ನು 'ಯುವಕರ ನಾಯಕರು' ಎಂದು ಕರೆದು ಕಾಣಿಕೆಯಾಗಿ ಕೊಟ್ಟ ಬೆಳ್ಳಿಯ ಗುರಾಣಿ ಮತ್ತು ಈಟಿಗಳವು. ಮೆಣಸು ಮಾರಿ ಈ ನಾಣ್ಯ ಪಡೆದ ನಮ್ಮ ಕರಾವಳಿಯ ವರ್ತಕನಿಗೆ ಬೇಕಾಗಿದ್ದದ್ದು ಅದರ ತೂಕ ಮತ್ತು ಅಪ್ಪಟತನ. ಅವನ ಕೈಯಲ್ಲಿ ಆ ಲಾಂಛನ ಮೂಕವಾಗಿತ್ತು.

ಟ್ರಾಜನ್‌ನ ನಾಣ್ಯದ ಬಳಿ ದೊಡ್ಡಪ್ಪ ನಿಂತುಬಿಟ್ಟರು. ಟ್ರಾಜನ್ ನರ್ವನ ನಂತರದ ಚಕ್ರವರ್ತಿ. 101ರಿಂದ 106ರೊಳಗೆ ಎರಡು ಯುದ್ಧಗಳಲ್ಲಿ ಡೇಸಿಯಾವನ್ನು, ಅಂದರೆ ಇಂದಿನ ರೊಮೇನಿಯಾದ ಪ್ರದೇಶವನ್ನು, ಗೆದ್ದುಕೊಂಡ ಟ್ರಾಜನ್ ಸೋತ ಡೇಸಿಯನ್ನರು ಆಯುಧಗಳ ರಾಶಿಯ ಮೇಲೆ ದುಃಖಿಸುತ್ತ ಕುಳಿತಿರುವ ಚಿತ್ರವನ್ನು ಹಲವು ಬಗೆಯಲ್ಲಿ ಅಚ್ಚು ಹಾಕಿಸಿದ. ಅವುಗಳಲ್ಲಿ ಕೆಲವದರ ಮೇಲೆ ಕುಡುಗೋಲಿನಂತೆ ಒಳಕ್ಕೆ ಬಾಗಿದ ಕತ್ತಿಯೊಂದು ಕಾಣುತ್ತದೆ. ಡೇಸಿಯನ್ನರ ಈ ಕತ್ತಿಗೆ ಹರಿತ ಒಳ ಅಂಚಿನಲ್ಲಿ. "ಇದು ನಮ್ಮ ಒಡಿಕತ್ತಿಯ ಹಾಗೆಯೇ ಇದೆಯಲ್ಲ," ಎಂದು ಅವರು ಒಳಗಿದ್ದ ಕತ್ತಿಯ ಕಡೆ ನೋಡಿದರು. ಎರಡಕ್ಕೂ ಸಂಬಂಧ ಕಲ್ಪಿಸುವುದು ತಪ್ಪಾದೀತು, ಆದರೆ ಆ ಹೋಲಿಕೆಯಿಂದ ನಾಣ್ಯದ ನೋವು ನಮಗೆ ಹತ್ತಿರವಾಯಿತು. ರೋಮಿನ ಓದುಗನಿಗೆ ಆ ಬಾಗಿದ ಅಲಗು ಒಂದು ಜನಾಂಗದ ಹೆಸರಿನಂತಿತ್ತು, ಮತ್ತು ಆ ಹೆಸರನ್ನು ಬೇಕೆಂದೇ ಅದರ ಒಡೆಯನ ಕೈಯಿಂದ ಬಿಡಿಸಿ ಕೆಳಗೆ ಇಡಲಾಗಿತ್ತು.

ಕೊನೆಯ ಚಿತ್ರ ರೋಮಿನದಲ್ಲ. 1837ರಲ್ಲಿ ತನ್ನ ವಿರುದ್ಧ ಎದ್ದ ಅಮರಸುಳ್ಯದ ಬಂಡಾಯವನ್ನು ಹತ್ತಿಕ್ಕಿದಾಗ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ತನ್ನ ಪಕ್ಷದಲ್ಲಿ ನಿಂತ ಕೊಡವರಿಗೆ ಚಿನ್ನದಲ್ಲೂ ಬೆಳ್ಳಿಯಲ್ಲೂ ಕೊಟ್ಟ ಪದಕದ ಚಿತ್ರವದು. ಅದರಲ್ಲಿ ಕೊಡವ ಯೋಧನೊಬ್ಬ ಕೋವಿ ಹಿಡಿದು ಕತ್ತಿ ಎತ್ತಿದ್ದಾನೆ. ಇಲ್ಲಿ ಆಯುಧ ಅದರ ಒಡೆಯನ ಕೈಯಲ್ಲೇ ಇದೆ, ನನ್ನ ಲೆಕ್ಕದ ಪ್ರಕಾರ ಇದು ಮಾನದ ಚಿತ್ರ ಎಂದು ನಾನು ಹೇಳುವಷ್ಟರಲ್ಲಿ ದೊಡ್ಡಪ್ಪ, "ಕೊಟ್ಟವರು ಯಾರು, ಯಾರ ಮೇಲೆ ಎತ್ತಿದ್ದಕ್ಕೆ ಕೊಟ್ಟರು?" ಎಂದರು. ಕೊಟ್ಟದ್ದು ಕಂಪನಿ, ಎತ್ತಿದ್ದು ನಮ್ಮ ನೆರೆಯವರ ಮೇಲೆ. ಆ ಬಂಡಾಯದ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ದೊಡ್ಡಪ್ಪ ಮತ್ತೇನೂ ಹೇಳದೆ ಆ ಚಿತ್ರವನ್ನು ಟ್ರಾಜನ್‌ನ ನಾಣ್ಯದ ಪಕ್ಕದಲ್ಲಿಟ್ಟು, ಎರಡನ್ನೂ ಇನ್ನೊಮ್ಮೆ ನೋಡತೊಡಗಿದರು.