ಮೈಸೂರಿನಿಂದ ಕಾವೇರಿ ಬಯಲಿಗೆ: ನಾಲೆಗಳ ಸೀಮೆಯಲ್ಲಿ ಒಂದು ಸೈಕಲ್ ಸುತ್ತು

ಮೈಸೂರಿನ ಸೈಕಲ್ ಸವಾರರು ಸಪಾಟಾದ ದಾರಿ ಬೇಕೆಂದಾಗ ಬೆಂಗಳೂರು ಹೆದ್ದಾರಿಯನ್ನು ಹಿಡಿಯುವುದು ಬಹುಕಾಲದ ರೂಢಿಯಾಗಿತ್ತು. ಆ ರೂಢಿಯನ್ನು ಈಗ ಬಿಡಲೇಬೇಕು. 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ, ಟ್ರ್ಯಾಕ್ಟರ್‌ಗಳಿಗೆ, ಮೋಟಾರ್ ಇಲ್ಲದ ವಾಹನಗಳಿಗೆ ಪ್ರವೇಶವಿಲ್ಲ. ಸೈಕಲ್ ಕೂಡ ಈ ನಿಷೇಧದೊಳಗೆ ಬರುತ್ತದೆ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬಹುದಾದರೂ, ಎದುರು ದಿಕ್ಕಿನಲ್ಲಿ ನುಗ್ಗಿ ಬರುವ ಬೈಕುಗಳ ನಡುವೆ ಅಲ್ಲಿ ಗಂಟೆಗಟ್ಟಲೆ ತುಳಿಯುವುದರಲ್ಲಿ ನೆಮ್ಮದಿಯಿಲ್ಲ. ಅದರ ಬದಲು ಬೆಳಗೊಳ, ಕೆ.ಆರ್.ಎಸ್., ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಹಾದು ಮೈಸೂರಿಗೆ ಮರಳುವ ಸುಮಾರು 60ರಿಂದ 65 ಕಿಲೋಮೀಟರ್‌ಗಳ ಸುತ್ತನ್ನು ನಾನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಕಾವೇರಿಯ ನೀರು ನಾಲೆಗಳಲ್ಲಿ ಹರಿದು ಗದ್ದೆ ಸೇರುವ ಸೀಮೆ ಇದು. ನೀರಿನ ಜಾಡನ್ನು ಹಿಡಿದು ಹೋದಷ್ಟೂ ದಾರಿ ಸುಲಭವಾಗುತ್ತದೆ.

ಈ ಬಯಲು ಕಣ್ಣಿಗೆ ಸಮತಟ್ಟಾಗಿ ಕಂಡರೂ ಮೈಸೂರಿನಿಂದ ನದಿಯ ಕಡೆಗೆ ಇಳಿಜಾರಾಗಿದೆ ಎಂಬುದನ್ನು ಹೊರಡುವ ಮೊದಲೇ ತಿಳಿದಿರಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದ್ದರೆ ಶ್ರೀರಂಗಪಟ್ಟಣ ಸುಮಾರು 680 ಮೀಟರ್ ಎತ್ತರದಲ್ಲಿದೆ. ಹೋಗುವಾಗ ಸೈಕಲ್ ತಾನಾಗಿ ಓಡುತ್ತಿದೆ ಎನಿಸುವುದಕ್ಕೆ ಇದೇ ಕಾರಣ, ಮತ್ತು ಆ ಇಳಿಜಾರನ್ನೆಲ್ಲ ದಿನದ ಕೊನೆಯಲ್ಲಿ, ಬಿಸಿಲೇರಿದ ಮೇಲೆ, ಹತ್ತಬೇಕಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಿಂದ ಬೀಸುವ ಮುಂಗಾರಿನ ಗಾಳಿಯೂ ಮರಳುವವರ ಎದೆಗೇ ಬಡಿಯುತ್ತದೆ. ಆದ್ದರಿಂದ ಮೊದಲ ಅರ್ಧದಲ್ಲಿ ವೇಗದ ಆಸೆಗೆ ಬಿದ್ದು ಕಾಲಿನ ಬಲವನ್ನು ಖರ್ಚು ಮಾಡಬಾರದು.

ಮೊದಲು ಕೆ.ಆರ್.ಎಸ್. ಕಡೆಗೆ ಹೋಗಿ ಎಂದು ನಾನು ಹೇಳುವುದಕ್ಕೆ ಎರಡು ಕಾರಣಗಳಿವೆ. ಬೃಂದಾವನಕ್ಕೆ ಬರುವ ಪ್ರವಾಸಿಗರ ವಾಹನಗಳು, ಅದರಲ್ಲೂ ಶನಿವಾರ ಮತ್ತು ಭಾನುವಾರ, ಹೊತ್ತೇರಿದಂತೆಲ್ಲ ಹೆಚ್ಚುತ್ತವೆ. ಬೆಳಕು ಹರಿಯುವಾಗಲೇ ಹೊರಟರೆ ಬೆಳಗೊಳದವರೆಗಿನ ರಸ್ತೆಯನ್ನು ಅವುಗಳ ಕಾಟವಿಲ್ಲದೆ ದಾಟಬಹುದು. ಎರಡನೆಯದಾಗಿ, ಪಾಂಡವಪುರ ಮತ್ತು ಶ್ರೀರಂಗಪಟ್ಟಣದಂಥ ಊರುಗಳು ಆಗ ಸವಾರಿಯ ಉತ್ತರಾರ್ಧದಲ್ಲಿ ಬರುತ್ತವೆ. ದಣಿದವರಿಗೆ ಊಟ, ನೆರಳು, ಸೈಕಲ್ ಅಂಗಡಿ, ತೀರಾ ಆಗದಿದ್ದರೆ ಸೈಕಲ್ಲನ್ನು ಹೇರಿಕೊಂಡು ಹೋಗಲು ಲಗೇಜ್ ಆಟೊ, ಎಲ್ಲವೂ ಬೇಕಾದ ಹೊತ್ತಿಗೆ ಸಿಗುತ್ತವೆ.

ಅಣೆಕಟ್ಟೆಯ ಕೆಳಗಿನ ಸೇತುವೆಯಿಂದ ನದಿಯನ್ನು ದಾಟಿದ ಮೇಲೆ ಈ ಪ್ರಯಾಣದ ಅತ್ಯುತ್ತಮ ಭಾಗ ತೆರೆದುಕೊಳ್ಳುತ್ತದೆ. ಹಿಂದೆ ಇರ್ವಿನ್ ನಾಲೆ ಎನ್ನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆ ಎಡದಂಡೆಯಿಂದ ಹೊರಟು ಮಂಡ್ಯ, ಮದ್ದೂರು, ಮಳವಳ್ಳಿಗಳ ಜಮೀನುಗಳಿಗೆ ನೀರುಣಿಸುತ್ತದೆ. ನೀರು ತನ್ನ ಭಾರದಿಂದಲೇ ಹರಿಯಬೇಕಾದ್ದರಿಂದ ನಾಲೆಯನ್ನು ಅತಿ ಕಡಿಮೆ ಇಳಿಜಾರಿನಲ್ಲಿ, ನೆಲದ ಮಟ್ಟವನ್ನು ಅನುಸರಿಸಿ ಬಳಸುತ್ತ ಕಟ್ಟಿರುತ್ತಾರೆ. ಅದರ ಪಕ್ಕದ ಏರಿ ರಸ್ತೆಯೂ ಹಾಗೆಯೇ ಏರಿಳಿತವಿಲ್ಲದೆ ಸಾಗುತ್ತದೆ. ಅಡ್ಡ ಹಾಯುವ ಊರ ರಸ್ತೆಗಳು ಒಂದೇ ಸಮನೆ ಹತ್ತಿ ಇಳಿಯುವಾಗ, ಏರಿಯ ಮೇಲೆ ಒಂದೇ ಗೇರಿನಲ್ಲಿ ಬಹುದೂರ ಹೋಗಬಹುದು. ಒಂದು ಬದಿಯಲ್ಲಿ ತುಂಬಿ ಹರಿಯುವ ನೀರು, ಇನ್ನೊಂದು ಬದಿಯಲ್ಲಿ ಏರಿಗಿಂತ ಕೆಳಗೆ ಹಬ್ಬಿದ ಭತ್ತ, ಕಬ್ಬು, ತೆಂಗು. ಮೈಸೂರಿನ ಸುತ್ತ ಸೈಕಲ್ ತುಳಿಯಲು ಇದಕ್ಕಿಂತ ಹಿತವಾದ ಜಾಗವನ್ನು ನಾನು ಕಂಡಿಲ್ಲ.

ಆದರೆ ಏರಿ ರಸ್ತೆಯ ಅಪಾಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ನಾಲೆಯ ಒಳಬದಿ ಇಳಿಜಾರಾಗಿ ನುಣುಪಾಗಿರುವುದರಿಂದ, ಈಜು ಬಲ್ಲವರಿಗೂ ಹರಿಯುವ ನೀರಿನಿಂದ ಮೇಲೆ ಹತ್ತುವುದು ಕಷ್ಟ. ತಡೆಗೋಡೆಯಿಲ್ಲದ ಕಡೆ ನೀರಿನಿಂದ ದೂರದ ಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ಸಾಗಿರಿ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಇಳಿದು ನಿಂತು ದಾರಿ ಬಿಡಿರಿ. ಕತ್ತಲಲ್ಲಿಯೂ ಮಳೆಯಲ್ಲಿಯೂ ಏರಿಯನ್ನು ಬಿಟ್ಟು ಊರ ರಸ್ತೆಯನ್ನು ಹಿಡಿಯಿರಿ. ಡಾಂಬರು ಮುಗಿದು ಮಣ್ಣು ಶುರುವಾದಲ್ಲಿ ಮುಂದಿನ ಸ್ಥಿತಿಯನ್ನು ಅಲ್ಲಿಯ ರೈತರನ್ನೇ ಕೇಳುವುದು ಮೇಲು, ಏಕೆಂದರೆ ಮೊಬೈಲಿನ ನಕ್ಷೆಗೆ ಡಾಂಬರಿಗೂ ಕೆಸರಿಗೂ ಇರುವ ವ್ಯತ್ಯಾಸ ಅನೇಕ ಸಲ ತಿಳಿಯುವುದಿಲ್ಲ. “ಅಣ್ಣಾ, ಏರಿ ಮೇಲೆ ಸೈಕಲ್ ಹೋಯ್ತದಾ?” ಎಂದು ಕೇಳಿದರೆ ಮುಂದಿನ ತೂಬು ಎಲ್ಲಿದೆ, ಯಾವ ಊರಿನ ಬಳಿ ರಸ್ತೆ ಕಿತ್ತುಹೋಗಿದೆ ಎಂಬುದೆಲ್ಲ ಒಂದೇ ಉತ್ತರದಲ್ಲಿ ಸಿಗುತ್ತದೆ. ಪಾಂಡವಪುರಕ್ಕೆ ತಿರುಗದೆ ನಾಲೆಯ ಜೊತೆಯಲ್ಲೇ ಮಂಡ್ಯದತ್ತ ಹೋಗಬಯಸುವವರು ಹುಲಿಕೆರೆಯಲ್ಲಿ ನಾಲೆ ಸುರಂಗವನ್ನು ಹೊಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಅಲ್ಲಿ ನೀರಿನ ಜಾಡು ಕಣ್ಮರೆಯಾಗುತ್ತದೆ.

ಯಾವ ತಿಂಗಳಲ್ಲಿ ಹೋಗಬೇಕೆಂಬುದನ್ನು ಬೆಳೆಯನ್ನು ನೋಡಿಕೊಂಡು ನಿರ್ಧರಿಸಿರಿ. ಮುಂಗಾರಿನ ಮಳೆಗೆ ಕೆ.ಆರ್.ಎಸ್. ತನ್ನ ಗರಿಷ್ಠ ಮಟ್ಟವಾದ 124.80 ಅಡಿಯತ್ತ ಏರಿ, ನಾಲೆಗೆ ನೀರು ಬಿಟ್ಟ ಮೇಲೆ ನಾಟಿ ನಡೆಯುತ್ತದೆ. ಆಗ ಬಯಲು ಸುಂದರವಾಗಿದ್ದರೂ, ಗದ್ದೆಯಿಂದ ರಸ್ತೆಗೆ ಹತ್ತುವ ಟ್ರ್ಯಾಕ್ಟರ್‌ಗಳ ಚಕ್ರದಿಂದ ಬಿದ್ದ ಕೆಸರು ಸಣ್ಣ ಟೈರಿನ ಸೈಕಲ್ಲನ್ನು ಜಾರಿಸುತ್ತದೆ. ನನ್ನ ಆಯ್ಕೆ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಅವಧಿ. ಗಾಳಿ ಕಡಿಮೆ, ಬೆಳಗು ತಂಪು, ಭತ್ತ ಹಣ್ಣಾಗಿ ಕೊಯ್ಲಿಗೆ ಬಂದಿರುತ್ತದೆ. ಏಪ್ರಿಲ್ ದಾಟಿದರೆ ನಾಲೆಯಲ್ಲಿ ನೀರಿರುವ ಭರವಸೆಯಿಲ್ಲ, ನೆರಳೂ ವಿರಳ.

ಸುಗ್ಗಿಯ ದಿನಗಳಿಗೆ ಅವುಗಳದೇ ಆದ ಎಚ್ಚರಿಕೆಗಳಿವೆ. ಹಳ್ಳಿಗಳಲ್ಲಿ ಕಣಗಳು ಕಡಿಮೆಯಾಗಿರುವುದರಿಂದ ರಾಗಿಯನ್ನೂ ಹುರುಳಿಯನ್ನೂ ರಸ್ತೆಯ ಮೇಲೆಯೇ ಹರಡಿ, ಓಡಾಡುವ ವಾಹನಗಳ ಚಕ್ರದಡಿ ಒಕ್ಕಣೆಯಾಗಲೆಂದು ಬಿಡುತ್ತಾರೆ. ಕಾರಿಗೆ ಅದು ಸಣ್ಣ ಅಡಚಣೆಯಾದರೂ ಸೈಕಲ್ಲಿಗೆ ಹಾಗಲ್ಲ. ಹುರುಳಿಯ ಬಳ್ಳಿ ಹಿಂಚಕ್ರದ ಹಲ್ಲುಗಳಿಗೂ ಚೈನಿಗೂ ಸುತ್ತಿಕೊಂಡರೆ ಗೇರ್ ಬದಲಿಸುವ ಭಾಗವೇ ಮುರಿಯಬಹುದು, ಮತ್ತು ಅದನ್ನು ದಾರಿಯಲ್ಲಿ ಸರಿಪಡಿಸಲು ಬರುವುದಿಲ್ಲ. ಅಂಥ ಕಡೆ ಇಳಿದು, ಸೈಕಲ್ಲನ್ನು ಎತ್ತಿಕೊಂಡು ಅಂಚಿನಲ್ಲಿ ನಡೆದು ದಾಟಿರಿ. ರಸ್ತೆಯಲ್ಲಿ ಒಕ್ಕಣೆ ಅಪಾಯಕಾರಿ ಎಂಬುದು ನಿಜವಾದರೂ ವರ್ಷದ ದುಡಿಮೆ ಅಲ್ಲಿ ಹರಡಿರುತ್ತದೆ. ದಾರಿಹೋಕರಾದ ನಾವು ಅದರ ಬಗ್ಗೆ ಜಗಳಕ್ಕೆ ನಿಲ್ಲುವುದು ಸಲ್ಲದು. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳ ವಿಷಯದಲ್ಲೂ ಜಾಗ್ರತೆ ಬೇಕು. ಟ್ರೇಲರಿನ ಎರಡೂ ಬದಿಗೆ ಜಲ್ಲೆಗಳು ಚಾಚಿಕೊಂಡಿರುತ್ತವೆ, ಜೋಡಿ ಟ್ರೇಲರ್ ಇದ್ದರೆ ಹಿಂದಿನದು ಅತ್ತಿತ್ತ ವಾಲಾಡುತ್ತದೆ. ಚಾಲಕ ಕೈ ತೋರಿ ದಾರಿ ಬಿಡುವವರೆಗೂ ಅದನ್ನು ಹಿಂದಿಕ್ಕಬೇಡಿರಿ.

ಹಾದಿಯಲ್ಲಿ ಆಲೆಮನೆಗಳು ಕಂಡರೆ ನಿಲ್ಲುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ಹೊತ್ತಿಗೆ ಅಲ್ಲಿನವರಿಗೆ ಬಿಡುವಿರುವುದಿಲ್ಲವಾದ್ದರಿಂದ ಮೊದಲು ಕೇಳಿ, ಒಲೆಯಿಂದ ದೂರ ನಿಂತು ನೋಡಿರಿ. ಒಂದು ಉಂಡೆ ಬಿಸಿ ಬೆಲ್ಲ ಮತ್ತು ಎರಡು ಲೋಟ ನೀರು ಅಂಗಡಿಯಲ್ಲಿ ಕೊಳ್ಳುವ ಯಾವ ಎನರ್ಜಿ ಬಾರ್‌ಗೂ ಕಡಿಮೆಯಿಲ್ಲ. ಎಳನೀರು, ಕಬ್ಬಿನ ಹಾಲು ಊರೂರಿನಲ್ಲೂ ಸಿಗುತ್ತವೆ. ಇಡ್ಲಿ, ದೋಸೆಯ ಹೋಟೆಲಿಗಾದರೆ ಪಾಂಡವಪುರದವರೆಗೆ ಕಾಯುವುದು ಒಳ್ಳೆಯದು.

ಪಾಂಡವಪುರದಿಂದ ಉತ್ತರಕ್ಕೆ ತೊಣ್ಣೂರು ಕೆರೆಯವರೆಗೆ ಹೋಗಿ ಬರುವುದಾದರೆ ಒಟ್ಟು ದೂರಕ್ಕೆ ಇನ್ನೂ ಸುಮಾರು 20 ಕಿಲೋಮೀಟರ್ ಸೇರುತ್ತದೆ. ಶಕ್ತಿಯಿದ್ದವರು ತಪ್ಪಿಸಿಕೊಳ್ಳಬಾರದ ತಿಳಿನೀರಿನ ಕೆರೆ ಅದು. ಅಲ್ಲಿಂದಾಚೆಗೆ ಮೇಲುಕೋಟೆಯ ಏರು ಶುರುವಾಗುತ್ತದೆ, ಅದು ಬಯಲಿನ ಸವಾರಿಗೆ ಸೇರಿದ್ದಲ್ಲ.

ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಬರುವ ರಸ್ತೆ ನೇರವಾಗಿದ್ದು ವಾಹನಗಳು ಸ್ವಲ್ಪ ಹೆಚ್ಚು. ಶ್ರೀರಂಗಪಟ್ಟಣವನ್ನು ಬಿಟ್ಟ ಮೇಲೆ ಹೆದ್ದಾರಿಯ ಬದಿಗೆ ಹೋಗದೆ ಪಶ್ಚಿಮವಾಹಿನಿಯ ಕಡೆಯಿಂದ ಪಾಲಹಳ್ಳಿಯ ದಾರಿಯನ್ನು ಹಿಡಿದು ಬೆಳಗೊಳಕ್ಕೆ ಬನ್ನಿರಿ. ಕೆ.ಆರ್.ಎಸ್. ಕಟ್ಟುವುದಕ್ಕಿಂತ ಬಹಳ ಹಿಂದಿನಿಂದಲೂ ವಿರಿಜಾ ನಾಲೆಯಂಥ ಹಳೆಯ ನಾಲೆಗಳು ನೀರುಣಿಸುತ್ತ ಬಂದಿರುವ ಗದ್ದೆಗಳು ಇಲ್ಲಿವೆ. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿಗೆ ತಿರುಗುವ ದಾರಿಯೂ ಇಲ್ಲೇ ಸಿಗುತ್ತದೆ. ಒಳಗೆ ಹೋಗುವವರು ಸೈಕಲ್ ನಿಲ್ಲಿಸಲು ಗಟ್ಟಿ ಬೀಗವನ್ನು ತಂದಿರಬೇಕು. ಬೆಳಗೊಳದಿಂದ ಮೈಸೂರಿಗೆ ಏರು ಸಣ್ಣದಾದರೂ ಉದ್ದವಾಗಿರುವುದರಿಂದ ಪಾಲಹಳ್ಳಿಯಲ್ಲೇ ನೀರಿನ ಬಾಟಲಿ ತುಂಬಿಸಿಕೊಳ್ಳಿರಿ.

ಟೈರಿನ ಬಗ್ಗೆ ಹೇಳುವುದಾದರೆ, 25 ಮಿಲಿಮೀಟರಿನವು ಮುಖ್ಯ ರಸ್ತೆಗಳಿಗೆ ಸಾಕು, ಏರಿ ರಸ್ತೆಗೆ 28ರಿಂದ 32 ಇದ್ದರೆ ನೆಮ್ಮದಿ. ಜಾಲಿ ಮುಳ್ಳು ಈ ಸೀಮೆಯಲ್ಲಿ ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಎರಡು ಟ್ಯೂಬು, ಕೈಪಂಪು, ಪಂಕ್ಚರ್ ಸಾಮಾನು ಇಲ್ಲದೆ ಹೊರಡಬೇಡಿರಿ, ಮತ್ತು ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಗೆ ಬಟ್ಟೆ ಆಡಿಸಿ ಮುರಿದ ಮುಳ್ಳಿನ ತುದಿಯನ್ನು ಹುಡುಕಿ ತೆಗೆಯಿರಿ. ಊರಿನ ಪ್ರವೇಶದಲ್ಲಿ ಬಣ್ಣವಿಲ್ಲದ ರಸ್ತೆ ಉಬ್ಬುಗಳು ಇರುವುದರಿಂದ ಮೊದಲ ಮನೆ ಕಂಡ ಕೂಡಲೇ ವೇಗ ತಗ್ಗಿಸಿರಿ.

ಬೆಂಗಳೂರಿನಿಂದ ಬರುವವರು ರೈಲಿನಲ್ಲಿ ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ, ಹಿಂದಿನ ಸಂಜೆಯೇ ಮೈಸೂರಿಗೆ ಬಂದು ತಂಗುವುದು ಉತ್ತಮ. ಅದೇ ದಿನ ಬೆಳಗಿನ ರೈಲಿನಲ್ಲಿ ಬಂದರೆ ಸೈಕಲ್ ಬಿಡಿಸಿಕೊಂಡು ಹೊರಡುವ ಹೊತ್ತಿಗೆ ಬೃಂದಾವನದ ರಸ್ತೆ ವಾಹನಗಳಿಂದ ತುಂಬಿರುತ್ತದೆ; ಹಾಗೆ ತಡವಾದವರು ಕೆ.ಆರ್.ಎಸ್. ಅನ್ನು ಬಿಟ್ಟು, ಬೆಳಗೊಳದಿಂದ ನೇರ ಪಾಲಹಳ್ಳಿ, ಶ್ರೀರಂಗಪಟ್ಟಣಕ್ಕೆ ಹೋಗಿ ಅದೇ ದಾರಿಯಲ್ಲಿ ಮರಳುವ ಸುಮಾರು 40 ಕಿಲೋಮೀಟರ್‌ಗಳ ಸಣ್ಣ ಸವಾರಿಯನ್ನು ಮಾಡಬಹುದು.