ದಾಂಡೇಲಿ ಬಿಟ್ಟು ಪೂರ್ವಕ್ಕೆ ಹೊರಳಿದರೆ: ಕಪ್ಪತಗುಡ್ಡ, ಮಾಗಡಿ ಕೆರೆ, ರಾಣೆಬೆನ್ನೂರಿನ ಚಿಗರಿ

ಹುಬ್ಬಳ್ಳಿ ಮಂದಿಗೆ ಸಾಲಾಗಿ ರಜೆ ಬಂದರೆ ಗಾಡಿ ತಾನಾಗಿಯೇ ಹಳಿಯಾಳದ ಕಡೆ ಹೊರಳುತ್ತದೆ. ದಾಂಡೇಲಿ, ಗಣೇಶಗುಡಿ, ಇಲ್ಲಾಂದ್ರೆ ಕಲಘಟಗಿ ದಾಟಿ ಯಲ್ಲಾಪುರ. ಕಾಡು ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಶನಿವಾರ, ರವಿವಾರ ಅಲ್ಲಿ ಮರಕ್ಕಿಂತ ಕಾರೇ ಜಾಸ್ತಿ. ಈ ಸಲ ನಮ್ಮ ಓಣಿಯ ಮೂರ್ನಾಲ್ಕು ಮನೆಯವರು ಕೂಡಿ ಒಂದು ಕ್ರೂಸರ್ ಗಾಡಿ ಬಾಡಿಗೆಗೆ ಹೇಳಿದೆವು, ಉಲ್ಟಾ ದಿಕ್ಕು ಹಿಡಿದೆವು. ಹುಬ್ಬಳ್ಳಿಯಿಂದ ಗದಗ, ಅಲ್ಲಿಂದ ಕಪ್ಪತಗುಡ್ಡ, ಮಾಗಡಿ ಕೆರೆ, ಲಕ್ಷ್ಮೇಶ್ವರ, ಸವಣೂರು, ಹಾವೇರಿ, ರಾಣೆಬೆನ್ನೂರು. ಬರುವಾಗ ಹೆದ್ದಾರಿ ಹಿಡಿದು ಬಂಕಾಪುರ ನೋಡಿಕೊಂಡು ವಾಪಸ್. ಸುತ್ತು 400 ಕಿಲೋಮೀಟರ್ ಆಸುಪಾಸು. ಎರಡು ರಾತ್ರಿ ಇಟ್ಟುಕೊಂಡರೆ ಆರಾಮಾಗಿ ಆಗುತ್ತದೆ. ಒಂದೇ ರಾತ್ರಿಯಲ್ಲಿ ಮುಗಿಸುತ್ತೇವೆ ಅನ್ನುವವರು ರಾಣೆಬೆನ್ನೂರನ್ನು ಬಿಟ್ಟುಬಿಡಿ.

ಮೊದಲೇ ಒಂದು ಮಾತು. ಇವು ಯಾವುವೂ ರಾಷ್ಟ್ರೀಯ ಉದ್ಯಾನ ಅಲ್ಲ. ಕಪ್ಪತಗುಡ್ಡ ಮತ್ತು ರಾಣೆಬೆನ್ನೂರು ವನ್ಯಜೀವಿ ಧಾಮಗಳು, ಮಾಗಡಿ ಕೆರೆ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ, ಬಂಕಾಪುರ ನವಿಲುಧಾಮ. ಬಂಡೀಪುರದ ಹಾಗೆ ಬಸ್ಸಿನಲ್ಲಿ ಕೂರಿಸಿ ಆನೆ ತೋರಿಸುತ್ತಾರೆ ಅಂದುಕೊಂಡು ಹೊರಟರೆ ಬೇಜಾರಾಗುತ್ತದೆ. ಇದು ಬಯಲು ಸೀಮೆ. ಇಲ್ಲಿ ಹುಲ್ಲು ನೋಡಬೇಕು, ಗಾಳಿ ಕೇಳಬೇಕು, ದೂರಕ್ಕೆ ಕಣ್ಣು ಹಾಯಿಸಿ ಕಾಯಬೇಕು. ಅಷ್ಟು ತಾಳ್ಮೆ ಇರುವ ಗುಂಪಿಗೆ ಈ ದಾರಿ ದಾಂಡೇಲಿಗಿಂತ ಒಂದು ಕೈ ಮೇಲು ಅಂತ ನನಗೆ ಅನಿಸಿದೆ.

ಯಾವ ತಿಂಗಳು ಹೋಗಬೇಕು ಅನ್ನುವುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಗುಡ್ಡ ಹಸಿರಾಗಿರುವುದು ಜುಲೈನಿಂದ ಅಕ್ಟೋಬರ್. ನವಿಲಿಗೆ ಗರಿ ತುಂಬಿರುವುದೂ ಮಳೆಗಾಲದಲ್ಲೇ. ಆದರೆ ಮಾಗಡಿಗೆ ಬಾತುಗಳು ಬರುವುದು ನವೆಂಬರಿನಿಂದ, ಮಾರ್ಚ್ ಹೊತ್ತಿಗೆ ಹೋಗಿಬಿಡುತ್ತವೆ. ಎಲ್ಲವೂ ಒಂದೇ ಸಲ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಡಿಸೆಂಬರ್. ಗುಡ್ಡ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ, ಬಾತುಗಳು ಬಂದಿರುತ್ತವೆ. ಹೊಲದಲ್ಲಿ ಜೋಳ, ಕಡಲೆ, ಕುಸುಬೆ ನಿಂತಿರುತ್ತವೆ. ಎಳ್ಳ ಅಮವಾಸ್ಯೆ ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಕೊಡಲು, ಬಂದವರು ಹೊಲದಲ್ಲೇ ಉಣ್ಣುತ್ತಾ ಕೂತಿರುತ್ತಾರೆ, ಗಾಡಿ ನಿಲ್ಲಿಸಿದರೆ ಊಟಕ್ಕೆ ಕರೆಯದೆ ಬಿಡುವುದಿಲ್ಲ. ಮಳೆಗಾಲದಲ್ಲೇ ಹೋಗಬೇಕು ಅನ್ನುವವರು ಡಾಂಬರು ಬಿಟ್ಟು ಕೆಳಗೆ ಇಳಿಯಬೇಡಿ. ಎರೆ ಮಣ್ಣು ಒಂದು ಮಳೆಗೆ ಟೈರಿಗೆ ಮೆತ್ತಿಕೊಂಡರೆ ಟ್ರ್ಯಾಕ್ಟರ್ ಕರೆಸದೆ ಗಾಡಿ ಹೊರಗೆ ಬರುವುದಿಲ್ಲ.

ಹುಬ್ಬಳ್ಳಿಯಿಂದ ಗದಗಕ್ಕೆ ಅಣ್ಣಿಗೇರಿ ಮೇಲೆ ಸುಮಾರು 60 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ಹೇಳುವಂಥದ್ದೇನಿಲ್ಲ. ಮಧ್ಯಾಹ್ನ ಊಟ ಮಾಡಿ ಹೊರಟು, ಸಂಜೆಗೆ ಗದಗ ಸೇರಿ, ವೀರನಾರಾಯಣ ಗುಡಿ ನೋಡಿ, ಬದನೆಕಾಯಿ ಬಜ್ಜಿ ತಿಂದು ಮಲಗಿ. ಮಕ್ಕಳಿದ್ದರೆ ಊರ ಹತ್ತಿರ ಬಿಂಕದಕಟ್ಟಿಯಲ್ಲಿ ಪ್ರಾಣಿ ಸಂಗ್ರಹಾಲಯ ಇದೆ. ಗದಗದಿಂದ 12 ಕಿಲೋಮೀಟರಿಗೆ ಲಕ್ಕುಂಡಿ ಇದೆಯಲ್ಲ, ಅದನ್ನೂ ನೋಡಿಬಿಡೋಣ ಅಂತ ಗುಂಪಿನಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ. ಬೇಡ. ಅಷ್ಟು ಗುಡಿ, ಅಷ್ಟು ಬಾವಿ, ಅರ್ಧ ತಾಸಿನಲ್ಲಿ ಓಡೋಡಿ ನೋಡುವುದಲ್ಲ. ಅದಕ್ಕೇ ಬೇರೆ ಒಂದು ದಿನ ಇಡಿ. ಲಾಡ್ಜಿಗೆ ಬರೀ ಫೋನಿನಲ್ಲಿ ಹೇಳಿ ಬಿಡಬೇಡಿ, ಸ್ವಲ್ಪ ಅಡ್ವಾನ್ಸ್ ಹಾಕಿ. ಮದುವೆ ಸೀಸನ್ನಿನಲ್ಲಿ ನಮಗೆ ಹೇಳಿಟ್ಟಿದ್ದ ರೂಮುಗಳನ್ನು ಬೀಗರ ಗುಂಪಿಗೆ ಕೊಟ್ಟುಬಿಟ್ಟಿದ್ದರು.

ಮಲಗುವ ಮೊದಲು ಇನ್ನೊಂದು ಕೆಲಸ. ಯಾವುದಾದರೂ ಖಾನಾವಳಿಗೆ ಹೋಗಿ ಬೆಳಿಗ್ಗೆಗೆ ಬುತ್ತಿ ಹೇಳಿ ಬನ್ನಿ. ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಗುಡ್ಡದ ಮೇಲೆ ಹೋಟೆಲ್ ಇಲ್ಲ. ನೀರೂ ತಲೆಗೆ ಎರಡು ಲೀಟರಿನಂತೆ ಗಾಡಿಯಲ್ಲೇ ಇರಲಿ. ಹೆಂಗಸರಿಗೆ ಶೌಚಾಲಯದ ತೊಂದರೆ ಆಗುವುದು ಈ ಭಾಗದಲ್ಲೇ. ಗದಗ ಬಿಡುವ ಮೊದಲು ಮುಗಿಸಿಕೊಂಡರೆ ನಿಶ್ಚಿಂತೆ.

ಈಗ ಕಪ್ಪತಗುಡ್ಡ. ಬೆಳಿಗ್ಗೆ ಆರಕ್ಕೆಲ್ಲ ಗದಗ ಬಿಡಿ. ಮುಂಡರಗಿ ದಾರಿಯಲ್ಲಿ ಡಂಬಳದ ತನಕ ಹೋಗಿ ಅಲ್ಲಿಂದ ಡೋಣಿ ಕಡೆ ತಿರುಗಬೇಕು. ದೂರದಿಂದ ನೋಡಿದರೆ ಗುಡ್ಡ ನಿಮ್ಮನ್ನು ಏನೂ ಮರುಳು ಮಾಡುವುದಿಲ್ಲ. ನಮ್ಮ ಗಾಡಿಯಲ್ಲಿದ್ದ ಕಾಕೂ ಅಂತೂ ಕಿಟಕಿಯಿಂದ ಇಣುಕಿ, "ಇದೇನ್ರೀ, ಕ್ಷೌರ ಮಾಡಿಸಿದ ತಲಿ ಇದ್ದಂಗೈತಿ, ಇದನ್ನ ನೋಡಾಕ ಇಷ್ಟು ನಸುಕಿನ್ಯಾಗ ಎಬ್ಬಿಸಿದ್ರೇನು?" ಅಂದರು. ಮೇಲೆ ಹೋದ ಮೇಲೆ ಅವರೇ ಕೆಳಗೆ ಇಳಿಯಲು ಒಪ್ಪಲಿಲ್ಲ.

ಮೇಲೆ ಏನಿದೆ ಅಂದರೆ, ಗಾಳಿ. ಗಾಳಿಗುಂಡಿ ಬಸವಣ್ಣ ಅಂತ ದೇವರಿಗೇ ಹೆಸರಿಟ್ಟಿದ್ದಾರೆ ಅಂದಮೇಲೆ ತಿಳಿದುಕೊಳ್ಳಿ. ಟೋಪಿ, ದುಪಟ್ಟಾ, ಊಟದ ಪೇಪರ್ ಪ್ಲೇಟು, ಯಾವುದೂ ನಿಲ್ಲುವುದಿಲ್ಲ. ಸುತ್ತಲಿನ ಸಾಲಿನಲ್ಲಿ ಗಾಳಿ ಯಂತ್ರಗಳು. ಹತ್ತಿರ ಹೋದರೆ ಒಂದೊಂದು ರೆಕ್ಕೆ ಕೆಳಗೆ ಬಂದಾಗಲೂ ದಪ್ಪ ಕಂಬಳಿ ಝಾಡಿಸಿದಂಥ ಸದ್ದು. ಮೊಣಕಾಲುದ್ದದ ಹುಲ್ಲು ಒಂದೇ ಕಡೆ ಮಲಗುತ್ತದೆ, ಏಳುತ್ತದೆ. ಕೆಳಗೆ ಎರೆ ಹೊಲಗಳು ಕಪ್ಪು, ಹಸಿರು, ಹಳದಿ ತುಂಡು ತುಂಡಾಗಿ ಹರಡಿರುತ್ತವೆ, ನಡುವೆ ಡಂಬಳದ ಕೆರೆ ಹೊಳೆಯುತ್ತದೆ. ಹುಲ್ಲಿನಲ್ಲಿ ನಡೆಯುವವರು ದಯವಿಟ್ಟು ಸಾಕ್ಸ್ ಮೇಲೆ ಪ್ಯಾಂಟ್ ಇಳಿಬಿಟ್ಟು ನಡೆಯಿರಿ. ಹುಲ್ಲಿನ ಬೀಜಕ್ಕೆ ಸೂಜಿಯಂಥ ಮೊನೆ, ಹಿಂದೆ ತಿರುಚಿದ ಬಾಲ. ಬಟ್ಟೆಗೆ ಚುಚ್ಚಿದರೆ ನಡೆದಷ್ಟೂ ಒಳಗೇ ಕೊರೆಯುತ್ತದೆ. ಗಾಡಿ ಹತ್ತಿದ ಮೇಲೆ ಎಲ್ಲರೂ ಕಾಲು ಮೇಲೆ ಹಾಕಿಕೊಂಡು ಒಂದೊಂದೇ ಬೀಜ ಕೀಳುವುದೇ ಕೆಲಸ.

ಇಲ್ಲಿ ಚಿರತೆ, ಕತ್ತೆಕಿರುಬ, ತೋಳ, ಕೊಂಡುಕುರಿ ಎಲ್ಲ ಇವೆ. ನಿಮಗೆ ಕಾಣುತ್ತವೆ ಅಂತ ಹೇಳಲಾರೆ. ನವಿಲು ಮಾತ್ರ ಬೇಕಾದಷ್ಟು. ಗುಡ್ಡ ಔಷಧಿ ಗಿಡಗಳಿಗೆ ಹೆಸರುವಾಸಿ, ನೆಲದೊಳಗೆ ಬಂಗಾರದ ಅದಿರೂ ಇದೆ. ಆ ಬಂಗಾರದ ಕಾರಣಕ್ಕೇ ಈ ಗುಡ್ಡದ ತಲೆಯ ಮೇಲೆ ಕತ್ತಿ ತೂಗುತ್ತಲೇ ಬಂದಿದೆ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿದ ಸರ್ಕಾರ ಮರುವರ್ಷವೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತ್ತು. ಗದಗದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಜನ ಧರಣಿ ಕೂತರು. 2017ರಲ್ಲಿ ಮತ್ತೆ ಘೋಷಣೆ ಆಯಿತು. 2019ರಲ್ಲಿ 244 ಚದರ ಕಿಲೋಮೀಟರಿನಷ್ಟು ಪ್ರದೇಶ ವನ್ಯಜೀವಿ ಧಾಮವಾಯಿತು. ಹಾಗಾಗಿ ಒಂದು ಎಲೆ ಕಿತ್ತು "ಇದು ಸಕ್ಕರೆ ಕಾಯಿಲೆಗೆ ಒಳ್ಳೇದಂತೆ" ಅಂತ ಚೀಲಕ್ಕೆ ತುಂಬುವ ಹಿರಿಯರು ನಿಮ್ಮ ಗುಂಪಿನಲ್ಲೂ ಇದ್ದರೆ ಮೊದಲೇ ಹೇಳಿಡಿ, ಕೀಳುವ ಹಾಗಿಲ್ಲ. ಎಲ್ಲಿ ತನಕ ಗಾಡಿ ಬಿಡುತ್ತಾರೆ, ಎಲ್ಲಿ ನಡೆಯಬಹುದು ಅನ್ನುವುದನ್ನು ಹಿಂದಿನ ದಿನವೇ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿಕೊಳ್ಳಿ. ಬೆಂಕಿ ಮಾತ್ರ ಯಾವ ಕಾರಣಕ್ಕೂ ಹಚ್ಚಬೇಡಿ. ಬೇಸಿಗೆ ಬಂತು ಅಂದರೆ ಈ ಗುಡ್ಡಕ್ಕೆ ಕಾಳ್ಗಿಚ್ಚಿನ ಕಾಟ ತಪ್ಪಿದ್ದಲ್ಲ. ಚಹಾ ಬೇಕೇ ಬೇಕು ಅನ್ನುವವರು ಫ್ಲಾಸ್ಕಿನಲ್ಲಿ ತನ್ನಿ.

ಇಳಿಯುವಾಗ ಡಂಬಳದ ದೊಡ್ಡಬಸಪ್ಪನ ಗುಡಿ ತಪ್ಪಿಸಬೇಡಿ. ಗೋಡೆ ಸುತ್ತ 24 ಮೂಲೆಯ ನಕ್ಷತ್ರದಂತೆ ಕಟ್ಟಿದ್ದಾರೆ. ಬಿಸಿಲು ಸರಿದ ಹಾಗೆ ಒಂದೊಂದು ಮೂಲೆಗೂ ಬೇರೆ ಬೇರೆ ನೆರಳು. ಗುಡಿಯ ಅಂಗಳದಲ್ಲಿ ಕೂತು ಬುತ್ತಿ ಬಿಚ್ಚಬೇಡಿ, ಊರಾಚೆ ಬೇವಿನ ಮರದ ನೆರಳು ಬೇಕಾದಷ್ಟಿದೆ.

ಮಾಗಡಿ ಕೆರೆಗೆ ಸಂಜೆ ನಾಲ್ಕರ ಹೊತ್ತಿಗೆ ಮುಟ್ಟಬೇಕು. ಗದಗದಿಂದ ಲಕ್ಷ್ಮೇಶ್ವರದ ದಾರಿಯಲ್ಲಿ, ಶಿರಹಟ್ಟಿ ತಾಲೂಕು, ಸುಮಾರು 26 ಕಿಲೋಮೀಟರ್. 134 ಎಕರೆಯ ಸಾದಾ ಕೆರೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಲಿಕ್ಕಿಲ್ಲ. ಆದರೆ 2024ರಲ್ಲಿ ಇದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಅದಕ್ಕೆ ಕಾರಣ ಪಟ್ಟೆತಲೆ ಬಾತುಗಳು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಬೈನಾಕ್ಯುಲರ್ ಇಲ್ಲದೆ ಹೋದರೆ ನೀರಿನ ಮೇಲೆ ಬೂದು ಚುಕ್ಕೆ ಕಾಣುತ್ತವೆ ಅಷ್ಟೇ. ಗುಂಪಿಗೆ ಒಂದಾದರೂ ಇರಲಿ, ಯಾರ ಹತ್ತಿರವಾದರೂ ಎರವಲು ತನ್ನಿ. ಮಧ್ಯಾಹ್ನ ಇವು ಸುಮ್ನೆ ನೀರಿನಲ್ಲಿ, ದಂಡೆಯಲ್ಲಿ ಕೂತಿರುತ್ತವೆ. ಹೊತ್ತು ಇಳಿದ ಮೇಲೆ ಮೊದಲು ಒಂದು ಕೂಗು ಹಾಕುತ್ತದೆ, ಇನ್ನೊಂದು ಉತ್ತರ ಕೊಡುತ್ತದೆ, ಆಮೇಲೆ ಇಡೀ ಕೆರೆಯೇ ಗದ್ದಲ. ಗುಂಪು ಗುಂಪಾಗಿ ಎದ್ದು ತಲೆಯ ಮೇಲೇ ಹಾದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ರೆಕ್ಕೆಯ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ರಾತ್ರಿ ಹೊಲ, ಹಗಲು ಕೆರೆ, ಇದು ಇವುಗಳ ದಿನಚರಿ. ಹತ್ತಿರದಿಂದ ಫೋಟೊ ಬೇಕು ಅಂತ ದಂಡೆಗೆ ಇಳಿದರೆ ಇಡೀ ಹಿಂಡು ಏಳುತ್ತದೆ. ಅಷ್ಟು ದೂರದಿಂದ ಬಂದವನ್ನು ಎಬ್ಬಿಸಬೇಕಾ? ಡ್ರೈವರಿಗೆ ಹಾರ್ನ್ ಬೇಡ ಅಂತಲೂ ಹೇಳಿ.

ಇಲ್ಲಿಂದ ಹಾವೇರಿ ತನಕ ರಾತ್ರಿ ಓಡಿಸುವ ಬದಲು ಲಕ್ಷ್ಮೇಶ್ವರದಲ್ಲೇ ಉಳಿದು, ಬೆಳಿಗ್ಗೆ ಸೋಮೇಶ್ವರನ ಗುಡಿ ನೋಡಿ ಹೊರಡಬಹುದು. ಆದರೆ ಹಾಗೆ ಮಾಡಿದರೆ ರಾಣೆಬೆನ್ನೂರಿಗೆ ತಡವಾಗುತ್ತದೆ. ನಾವು ಸವಣೂರು ಮೇಲೆ ಹೋಗಿ ಹಾವೇರಿಯಲ್ಲೇ ಮಲಗಿದೆವು. ಸವಣೂರಿನಲ್ಲಿ ಖಾರ ಅನ್ನುವ ಕುರುಕಲು ತಿಂಡಿ ಕಟ್ಟಿಸಿಕೊಳ್ಳಿ. ಹೊತ್ತಿದ್ದರೆ ದೊಡ್ಡಹುಣಸೆ ಮಠದ ಮರಗಳನ್ನು ನೋಡಿ. ಆಫ್ರಿಕಾ ಮೂಲದ ಬಾವೊಬಾಬ್ ಮರ, ನಾಲ್ಕೈದು ಮಂದಿ ಕೈಕೈ ಹಿಡಿದರೂ ಬುಡ ಸುತ್ತಲು ಆಗುವುದಿಲ್ಲ. 2023ರ ಮಳೆಗಾಲದಲ್ಲಿ ಒಂದು ಮರ ಬುಡಸಮೇತ ಉರುಳಿತ್ತು, ಅದನ್ನು ಮತ್ತೆ ಎತ್ತಿ ನೆಟ್ಟಿದ್ದಾರೆ.

ರಾಣೆಬೆನ್ನೂರಿನ ಕೃಷ್ಣಮೃಗ ಧಾಮಕ್ಕೆ ಹೊತ್ತು ಮೂಡುವಾಗ ಇರಬೇಕು. ಹಾವೇರಿಯಿಂದ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ಒಳಗೆ ಹೋಗಲು ಅನುಮತಿಯನ್ನು ಮೊದಲೇ ಫೋನಿನಲ್ಲಿ ಕೇಳಿ ಇಟ್ಟುಕೊಳ್ಳಿ, ಬೆಳಿಗ್ಗೆ ಆರಕ್ಕೆ ಹೋಗಿ ಗೇಟಿನಲ್ಲಿ ಮಾತಾಡುವ ಕೆಲಸ ಅಲ್ಲ. 1974ರಲ್ಲಿ ಆದ ಧಾಮ, 119 ಚದರ ಕಿಲೋಮೀಟರ್. ನೀಲಗಿರಿ ನೆಡುತೋಪುಗಳೇ ಜಾಸ್ತಿ, ನಡುವೆ ಬಯಲು. ಆ ಬಯಲಿನಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಸಿಗುತ್ತವೆ. ನಮ್ಮ ಮಕ್ಕಳು ದಿನಾ ಚಿಗರಿ ಅಂತ ಹೆಸರಿಟ್ಟ ಬಸ್ಸಿನಲ್ಲಿ ಧಾರವಾಡಕ್ಕೆ ಶಾಲೆಗೆ ಹೋಗುವವರು. ನಿಜವಾದ ಚಿಗರಿ ನೋಡಿದ್ದು ಇದೇ ಮೊದಲು. ಗಂಡಿಗೆ ಬೆನ್ನು ಕಪ್ಪು, ಹೊಟ್ಟೆ ಬೆಳ್ಳಗೆ, ಕೋಡು ತಿರುಚಿ ಮೇಲೆದ್ದಿರುತ್ತದೆ. ಹೆಣ್ಣು, ಮರಿ ಎಲ್ಲ ಕಂದು. ಗಾಡಿ ನಿಂತರೆ ಅವೂ ನಿಲ್ಲುತ್ತವೆ. ಬಾಗಿಲು ತೆಗೆದ ಸದ್ದಿಗೆ ಒಂದು ಹೆಣ್ಣು ನಿಂತಲ್ಲಿಂದಲೇ ನಾಲ್ಕೂ ಕಾಲು ಎತ್ತಿ ಮೇಲಕ್ಕೆ ಜಿಗಿಯಿತು, ಹಿಂದೆಯೇ ಉಳಿದವೆಲ್ಲ ಸಾಲಾಗಿ. ಹಾಗಾಗಿ ಒಳಗೇ ಕೂತು ನೋಡಿ. ಒಂದು ಕಾಲದಲ್ಲಿ ಇಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇತ್ತು, ಈಗ ಇಲ್ಲ. ಹುಲ್ಲುಗಾವಲಿನಲ್ಲಿ ನೀಲಗಿರಿ ತುಂಬಿದ್ದು ಅದಕ್ಕೆ ಒಳ್ಳೆಯದಾಗಲಿಲ್ಲ. ಪಕ್ಕದ ಹೊಲದ ರೈತರನ್ನು ಮಾತಾಡಿಸಿದರೆ ಚಿಗರಿಯ ಇನ್ನೊಂದು ಮುಖ ತಿಳಿಯುತ್ತದೆ. ಗೋವಿನಜೋಳದ ಮೊಳಕೆ ತಿಂದು ಹೋಗುತ್ತವೆ ಅಂತ ಅವರ ಸಂಕಟ. ಅವರ ಎದುರು "ಎಷ್ಟು ಮುದ್ದಾಗಿವೆ" ಅಂತ ಹೇಳಬೇಡಿ.

ವಾಪಸ್ ಬರುವಾಗ ಮೋಟೆಬೆನ್ನೂರಿನ ಹತ್ತಿರ ಬ್ಯಾಡಗಿ ಕಡೆ ತಿರುಗಿ ಮೆಣಸಿನಕಾಯಿ ತರಬಹುದು. ಜನವರಿ ನಂತರ ಮಾರುಕಟ್ಟೆ ತುಂಬಿರುತ್ತದೆ. ಸೀನು ಬರುವವರು ಗಾಡಿಯಲ್ಲೇ ಇರಿ. ದಾರಿ ಬದಿಯಲ್ಲಿ ಸುಲಗಾಯಿ (ಹಸಿ ಕಡಲೆಕಾಯಿ ಗಿಡ) ಕಂಡರೆ ನಿಲ್ಲಿಸಿ.

ಬಂಕಾಪುರವನ್ನು ಕೊನೆಗೆ ಇಟ್ಟುಕೊಳ್ಳಿ. ಮೊಬೈಲ್ ಮ್ಯಾಪಿನಲ್ಲಿ ಹುಡುಕುವಾಗ ಶಿಗ್ಗಾವಿ ತಾಲೂಕಿನ ಬಂಕಾಪುರವನ್ನೇ ಆರಿಸಿ. ತೋಳಧಾಮ ಇರುವ ಬಂಕಾಪುರ ಬೇರೆ, ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆಯದು. ಇಲ್ಲಿ ಹಳೇ ಕೋಟೆಯೊಳಗೆ ಖಿಲಾರಿ ದನಗಳ ತಳಿ ಕೇಂದ್ರ ಇದೆ. ದನಗಳಿಗೆ ಮೇವು ಬೆಳೆಯುತ್ತಾರೆ, ಕಾಳು ಹುಳ ಸಿಗುತ್ತದೆ, ನವಿಲು ಹೆಚ್ಚಿದವು. 2006ರಲ್ಲಿ ನವಿಲುಧಾಮ ಅಂತ ಘೋಷಿಸಿದರು. ಡಿಸೆಂಬರಿನಲ್ಲಿ ಗಂಡು ನವಿಲಿನ ಬಾಲ ಅರ್ಧಕ್ಕರ್ಧ, ಗರಿ ಉದುರಿ ಮತ್ತೆ ಬರುತ್ತಿರುವ ಕಾಲ. ಮಕ್ಕಳಿಗೆ ಮೊದಲೇ ಹೇಳದಿದ್ದರೆ ಮುಖ ಸಣ್ಣದಾಗುತ್ತದೆ. ಕೋಟೆಯೊಳಗಿನ ನಗರೇಶ್ವರ ಗುಡಿಗೆ ಊರವರು ಅರವತ್ತು ಕಂಬದ ಗುಡಿ ಅನ್ನುತ್ತಾರೆ. ಮಕ್ಕಳಿಗೆ ಕಂಬ ಎಣಿಸಲು ಬಿಟ್ಟು ದೊಡ್ಡವರು ಸ್ವಲ್ಪ ಕಾಲು ಚಾಚಬಹುದು.

ಅಲ್ಲಿಂದ ಹುಬ್ಬಳ್ಳಿ ತಾಸಿನ ದಾರಿ. ಗಾಡಿಯ ವಿಷಯ: ಹತ್ತು ಮಂದಿಯ ತನಕ ಕ್ರೂಸರ್ ಸಾಕು, ಗುಡ್ಡದ ದಾರಿಗೆ ಟೆಂಪೊ ಟ್ರಾವೆಲರಿಗಿಂತ ಅದೇ ಮೇಲು, ನೆಲದಿಂದ ಎತ್ತರ ಇರುತ್ತದೆ. ಹಿಂದಿನ ಎದುರುಬದುರು ಸೀಟಿನಲ್ಲಿ ವಾಂತಿ ಬರುವವರನ್ನು ಕೂರಿಸಬೇಡಿ. ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಹಿಡಿಯುತ್ತಾರೆ, ಡ್ರೈವರ್ ಭತ್ಯೆ ಎಷ್ಟು, ಇದನ್ನೆಲ್ಲ ಹೊರಡುವ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಿ. ಎರಡು ದಿನ ನಸುಕಿನಲ್ಲೇ ಎದ್ದು ಓಡಿಸುವುದು ಅವನು, ರಾತ್ರಿ ಅವನಿಗೂ ಒಂದು ಹಾಸಿಗೆ ನೋಡಿ. ಮನೆಮನೆಯ ಪಾಲಿನ ಲೆಕ್ಕವನ್ನು ಶಿಗ್ಗಾವಿ ದಾಟುವಾಗಲೇ ಗಾಡಿಯಲ್ಲಿ ಕೂತು ಮುಗಿಸಿಬಿಡಿ. ಓಣಿಯಲ್ಲಿ ಇಳಿದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ.